ಬರೆ ಬಿದ್ದ ಗಾಡಿ

"ಮಾಡಿದ ಕಂಪನಿಯೇ ದುಡ್ಡು ಕೊಟ್ಟು ವಾಪಸ್ ಕೊಂಡುಕೊಂಡ ಟ್ರಕ್ ಸಾರ್ ಇದು," ಎಂದ ಸೇಲ್ಸಿನ ಹುಡುಗ. ಅವನು ಹೇಳಿದ ಧಾಟಿ ಹೇಗಿತ್ತೆಂದರೆ, ಮಾರಿದ ಮೇಲೆ ಅಗಲಿಕೆ ತಾಳಲಾರದೆ ಕಂಪನಿಯವರು ಕಣ್ಣೀರಿಡುತ್ತಾ ಬಂದು ಗಾಡಿಯನ್ನು ತಬ್ಬಿಕೊಂಡು ಕರೆದೊಯ್ದರೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಮೈಸೂರು ಪಾಕು ಮಾರಿದ ಅಂಗಡಿಯವನು ಮಾರನೇ ದಿನ ಮನೆಬಾಗಿಲಿಗೆ ಬಂದು, "ನಿಮ್ಮ ದುಡ್ಡು ತಗೊಳ್ಳಿ, ಡಬ್ಬ ವಾಪಸ್ ಕೊಡಿ" ಎಂದರೆ ಪಾಕಕ್ಕೆ ಹಲ್ಲಿ ಬಿದ್ದಿದೆಯೆಂದು ನಮ್ಮೂರಿನ ಚಿಕ್ಕ ಮಗುವಿಗೂ ಹೊಳೆಯುತ್ತದೆ. ಆದರೆ ನನ್ನ ಮುಂದೆ ನಿಂತಿದ್ದು ಮೈಸೂರು ಪಾಕಲ್ಲ. ಎಂಟು ಸಿಲಿಂಡರಿನ, ನಾಲ್ಕು ಬಾಗಿಲಿನ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡ ಪೈಲ್ವಾನನಂತೆ ಮಿಂಚುವ ಕಪ್ಪು ಟ್ರಕ್.

ಟ್ರಕ್ ಎಂದ ಕೂಡಲೇ ನಿಮಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡ ಲಾರಿ ಕಣ್ಣಮುಂದೆ ಬಂದರೆ ತಪ್ಪು ನಿಮ್ಮದಲ್ಲ. ಅಮೆರಿಕದಲ್ಲಿ ಟ್ರಕ್ ಅಂದರೆ ಸಂಸಾರದ ಗಾಡಿ. ಮುಂದೆ ಸಂಸಾರ, ಹಿಂದೆ ಖಾಲಿ ತೊಟ್ಟಿ. ಆ ತೊಟ್ಟಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಮೂಟೆ ಗೊಬ್ಬರ, ಇನ್ನೊಮ್ಮೆ ನೆರೆಯವನ ಹಳೇ ಸೋಫಾ. ಉಳಿದ ಮುನ್ನೂರ ಅರವತ್ಮೂರು ದಿನ ಅದರಲ್ಲಿ ಕ್ಯಾಲಿಫೋರ್ನಿಯಾದ ಶುಭ್ರವಾದ ಗಾಳಿ ಪ್ರಯಾಣ ಮಾಡುತ್ತದೆ. ನನಗೆ ಅದು ಯಾಕೆ ಬೇಕಿತ್ತು ಎಂದು ಹೆಂಡತಿ ಕೇಳಿದಾಗ, "ರಾಜ್ಯೋತ್ಸವಕ್ಕೆ ಕನ್ನಡ ಕೂಟದ ಸ್ಟೇಜ್ ಸಾಮಾನು ಸಾಗಿಸಬೇಕಲ್ಲ" ಅಂದೆ. ಕನ್ನಡಕ್ಕಾಗಿ ಕೈ ಎತ್ತಿದವರಿದ್ದಾರೆ, ಧ್ವನಿ ಎತ್ತಿದವರಿದ್ದಾರೆ. ಕನ್ನಡಕ್ಕಾಗಿ ಎಂಟು ಸಿಲಿಂಡರು ಎತ್ತಿದವನು ನಾನೊಬ್ಬನೇ ಇರಬೇಕು.

ಗಾಡಿ ನೋಡಲು ಹೊರಟಾಗ ಮಾವನವರನ್ನೂ ಕರೆದುಕೊಂಡು ಹೋಗಿದ್ದೆ. ದೊಡ್ಡಬಳ್ಳಾಪುರದ ಕಡೆಯವರು, ಆರು ತಿಂಗಳ ವೀಸಾದ ಮೇಲೆ ಬಂದವರು. ಮನೆಯಲ್ಲಿ ಕೂತು ಅವರಿಗೆ ಸೋಫಾ ಸವೆಸಿ ಸಾಕಾಗಿತ್ತು. ನಲವತ್ತು ವರ್ಷ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳನ್ನು ಕೊಂಡು ಮಾರಿದ ಮನುಷ್ಯ. ಇಂಗ್ಲಿಷ್ ಬಾರದು, ಬಾರದಿದ್ದರಿಂದಲೇ ಸೇಲ್ಸಿನ ಹುಡುಗನ ಮಾತು ಅವರಿಗೆ ತಾಗಲಿಲ್ಲ. ಅವರು ಗಾಡಿಯ ಮುಂದೆ ನಿಂತು, ಹಿಂದೆ ನಿಂತು, ಒಂದು ಸುತ್ತು ಹಾಕಿ, ಕೊನೆಗೆ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಳಿಯಂದಿರೇ, ಆ ಹುಡುಗ ಬಂದಾಗಿಂದ ಬಾಗಿಲ ಕಂಬಕ್ಕೆ ಮೊಣಕೈ ಕೊಟ್ಕೊಂಡೇ ನಿಂತವ್ನಲ್ಲ, ಯಾಕೆ?"

ನಾನು ಗಮನಿಸಿರಲಿಲ್ಲ. ಡ್ರೈವರ್ ಬಾಗಿಲು ಅರ್ಧ ತೆರೆದಿತ್ತು. ಹುಡುಗ ಆ ಚೌಕಟ್ಟಿಗೆ ಆತುಕೊಂಡು, ಸಿನಿಮಾ ಹೀರೋ ಮರಕ್ಕೆ ಆತು ನಿಂತಂತೆ, ಸೀಟಿನ ಬಿಸಿ, ಸ್ಟೀರಿಂಗಿನ ಬಿಸಿ, ಕಪ್ ಹೋಲ್ಡರಿನ ತಂಪು ಇವನ್ನೆಲ್ಲ ವರ್ಣಿಸುತ್ತಿದ್ದ. "ಸ್ವಲ್ಪ ಸರಿಯಪ್ಪಾ, ಒಳಗೆ ಕೂತು ನೋಡುತ್ತೇನೆ" ಎಂದೆ. ಸರಿದ. ಮೊಣಕೈ ಇದ್ದ ಜಾಗದಲ್ಲಿ ಅಂಗೈಗಿಂತ ಚಿಕ್ಕದೊಂದು ಸ್ಟಿಕರ್. ಅದರಲ್ಲಿ ಮೂರೇ ಪದ: ಲೆಮನ್ ಲಾ ಬೈಬ್ಯಾಕ್.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹೊಸ ಗಾಡಿ ಕೊಂಡರೆ ನಾವು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಇಲ್ಲಿ ಲಿವರ್‌ಮೋರ್ ದೇವಸ್ಥಾನದ ಪಾರ್ಕಿಂಗಿನಲ್ಲೂ ಇಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ಶೋರೂಮೊಂದರ ಮೊದಲ ಮಹಡಿಯಲ್ಲಿ ಹೀಗೆ ಇಟ್ಟ ನಿಂಬೆಹಣ್ಣನ್ನು ಜಜ್ಜಲು ಹೋಗಿ ಆಕ್ಸಿಲರೇಟರ್ ಜೋರಾಗಿ ಒತ್ತಿದವರು ಗಾಜು ಒಡೆದುಕೊಂಡು ಗಾಡಿಸಮೇತ ಬೀದಿಗೇ ಇಳಿದಿದ್ದರು. ಪುಣ್ಯಕ್ಕೆ ಜೀವ ಉಳಿಯಿತು. ಅಮೆರಿಕದವರು ಅಷ್ಟು ಕಷ್ಟಪಡುವುದಿಲ್ಲ. ಕೆಟ್ಟ ಗಾಡಿಯನ್ನೇ ಅವರು ನಿಂಬೆಹಣ್ಣು ಎನ್ನುತ್ತಾರೆ. ಈ ಟ್ರಕ್ಕಿಗೆ ನಾನು ಪೂಜೆ ಮಾಡಿಸಿದ್ದರೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮೇಲೆ ಕೂತ ಐದನೆಯದು ಗಾಡಿಯೇ.

ಈ ಹಣ್ಣಿಗೆ ಕಾಯ್ದೆ ಬಂದು ನಲವತ್ತು ವರ್ಷ ದಾಟಿದೆ. 1982ರಲ್ಲಿ ಕನೆಕ್ಟಿಕಟ್ ಮೊದಲು ಮಾಡಿತು, ಅದೇ ವರ್ಷ ಕ್ಯಾಲಿಫೋರ್ನಿಯಾ ತನ್ನ 1970ರ ವಾರಂಟಿ ಕಾಯ್ದೆಗೆ ಹಲ್ಲು ಕಟ್ಟಿಸಿತು. ಹೊಸ ಗಾಡಿ ಕೊಂಡ 18 ತಿಂಗಳೊಳಗೆ ಅಥವಾ 18,000 ಮೈಲಿಯೊಳಗೆ ಒಂದೇ ರೋಗಕ್ಕೆ ನಾಲ್ಕು ಸಲ ವರ್ಕ್‌ಶಾಪಿಗೆ ಹೋದರೆ, ಪ್ರಾಣಕ್ಕೆ ಸಂಚಕಾರ ತರುವಂಥ ರೋಗವಾದರೆ ಎರಡೇ ಸಲ ಹೋದರೆ, ಅಥವಾ ಒಟ್ಟು 30 ದಿನಕ್ಕಿಂತ ಹೆಚ್ಚು ಅಲ್ಲೇ ಬಿದ್ದಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಾಗಿದೆ ಎಂದು ಕಾಯ್ದೆ ಭಾವಿಸುತ್ತದೆ. ಆಮೇಲೆ ಕಂಪನಿ ಗಾಡಿ ಬದಲಿಸಿ ಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳಬೇಕು. ಪೂರ್ತಿ ದುಡ್ಡಲ್ಲ, ಮೊದಲ ಸಲ ದೂರು ಕೊಡುವವರೆಗೆ ಓಡಿಸಿದ್ದಕ್ಕೆ ಬಾಡಿಗೆ ಮುರಿದುಕೊಳ್ಳುತ್ತಾರೆ. ಗಾಡಿಯ ಆಯಸ್ಸು 1,20,000 ಮೈಲಿ ಎಂದು ಕಾಯ್ದೆಯೇ ಲೆಕ್ಕ ಹಿಡಿದಿದೆ. 62,000 ಡಾಲರಿನ ಗಾಡಿ 6,000 ಮೈಲಿಗೆ ಕೈಕೊಟ್ಟರೆ 3,100 ಡಾಲರ್ ಕಡಿತ. ಆಯಸ್ಸನ್ನು ಇಷ್ಟು ಖಚಿತವಾಗಿ ಹೇಳುವ ಜ್ಯೋತಿಷಿ ನಮ್ಮ ಕಡೆ ಇಲ್ಲ.

ಇಷ್ಟರವರೆಗೆ ನ್ಯಾಯ ಗೆದ್ದಿತು. ಮೊದಲನೆಯವನು ದುಡ್ಡು ಎಣಿಸಿಕೊಂಡು ಹೋದ. ಆದರೆ ಗಾಡಿ? ಅದನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಹರಾಜಿಗೆ ಹೋಗುತ್ತದೆ, ಹರಾಜಿನಿಂದ ಡೀಲರನ ಅಂಗಳಕ್ಕೆ ಬರುತ್ತದೆ, ಅಂಗಳದಲ್ಲಿ ನನ್ನಂಥವನಿಗೆ ಕಾಯುತ್ತದೆ. ಹಾಗೆ ಮಾರುವ ಮುಂಚೆ ಕಂಪನಿ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಎಡ ಬಾಗಿಲ ಚೌಕಟ್ಟಿಗೆ ಸ್ಟಿಕರ್ ಅಂಟಿಸಿ, ಟೈಟಲ್ಲಿನ ಮೇಲೂ ಅದೇ ಮೂರು ಪದ ಹೊಡೆಸಬೇಕು. ಟೈಟಲ್ ಅಂದರೆ ಗಾಡಿಯ ಮಾಲೀಕತ್ವದ ಪತ್ರ. ಹೀಗೆ ಮುದ್ರೆ ಬಿದ್ದದ್ದಕ್ಕೆ ಇವರು ಇಟ್ಟ ಹೆಸರು 'ಬ್ರ್ಯಾಂಡೆಡ್ ಟೈಟಲ್'.

"ಬ್ರ್ಯಾಂಡೆಡ್ಡೇ?" ಎಂದು ನನ್ನ ಹೆಂಡತಿ ಫೋನಿನಲ್ಲೇ ಖುಷಿಪಟ್ಟಳು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೆಳೆದವಳಿಗೆ ಬ್ರ್ಯಾಂಡೆಡ್ ಎಂದರೆ ಒಗೆದರೂ ಬಣ್ಣ ಬಿಡದ ಶರಟು.

ಮಾವನವರಿಗೆ ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. "ಬರೆ ಹಾಕವ್ರೆ ಅನ್ನಿ," ಎಂದರು. ಅವರ ಕಾಲದಲ್ಲಿ ಕಾಯಿಲೆ ಬಿದ್ದ ಎತ್ತಿಗೆ ಕಬ್ಬಿಣ ಕಾಯಿಸಿ ಬರೆ ಎಳೆಯುತ್ತಿದ್ದರು. ಕಾಯಿಲೆ ಹೋಯಿತೋ ಬಿಟ್ಟಿತೋ, ಬರೆ ಉಳಿಯಿತು. ಜಾತ್ರೆಯಲ್ಲಿ ತಿಳಿದವರು ಮೊದಲು ನೋಡುವುದು ಹಲ್ಲು, ಆಮೇಲೆ ಸುಳಿ, ಆಮೇಲೆ ಬರೆ. ಬರೆ ಕಂಡರೆ ಎತ್ತನ್ನು ಬಿಟ್ಟು ಬರುವುದಿಲ್ಲ. ಯಾವ ಕಾಯಿಲೆಗೆ ಹಾಕಿದ್ದು ಎಂದು ಕೇಳುತ್ತಾರೆ. ಸಂತೆಯಲ್ಲಿ ಅದಕ್ಕೆ ಉತ್ತರವಾಗಿ ಸುಳ್ಳು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೊಂದು ಫಾರಂ ಸಿಗುತ್ತದೆ.

ಫಾರಂ ಬಂತು. ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದ, ಬಿಳಿ ಕಾಗದ, ಕಪ್ಪು ಅಕ್ಷರ, ಅಕ್ಷರ 10 ಪಾಯಿಂಟಿಗಿಂತ ಸಣ್ಣದಿರಕೂಡದು. ಸತ್ಯದ ಅಳತೆಯನ್ನು ಇಷ್ಟು ಕರಾರುವಾಕ್ಕಾಗಿ ಇನ್ನಾವ ದರ್ಶನವೂ ಹೇಳಿದ್ದು ನನಗೆ ಗೊತ್ತಿಲ್ಲ. ಅದರಲ್ಲಿ ಮೊದಲ ಮಾಲೀಕ ಕೊಟ್ಟ ದೂರುಗಳು, ಪಕ್ಕದಲ್ಲಿ ಕಂಪನಿ ಮಾಡಿದ ರಿಪೇರಿಗಳು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಗಾಡಿ ಜರ್ಕ್ ಹೊಡೆಯುತ್ತದೆ: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಗಿದೆ. ಜರ್ಕ್ ಹೊಡೆಯುತ್ತದೆ: ಪರೀಕ್ಷಿಸಿದಾಗ ಕಂಡುಬರಲಿಲ್ಲ. ಜರ್ಕ್ ಹೊಡೆಯುತ್ತದೆ: ಗಾಡಿ ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ. ಓಡುವಾಗ ಮುಂದಿನ ಪರದೆ ಕಪ್ಪಾಗುತ್ತದೆ: ಪರದೆ ಬದಲಿಸಲಾಗಿದೆ. ಜರ್ಕ್ ಹೊಡೆಯುತ್ತದೆ, ಈಗ ಜೋರಾಗಿ: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಗಿದೆ.

ನಾನು ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನ ಅನ್ನ ತಿನ್ನುತ್ತಿರುವವನು. ತಪ್ಪು ಎಲ್ಲಿದೆಯೆಂದು ಸಿಗದಾಗ ನಾವು ಏನು ಬರೆಯುತ್ತೇವೆ ಎಂಬುದು ನನಗೆ ಚೆನ್ನಾಗಿ ಗೊತ್ತು. 'ಅಪ್‌ಡೇಟ್ ಮಾಡಲಾಗಿದೆ' ಅಂದರೆ ವೈದ್ಯರು 'ಹವಾ ಬದಲಾವಣೆಗೆ ಹೋಗಿ ಬನ್ನಿ' ಅಂದಹಾಗೆ. 'ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ' ಎಂಬ ವಾಕ್ಯವನ್ನಂತೂ ನಾನೇ ಸ್ವಂತ ಕೈಯಿಂದ ಎಷ್ಟೋ ಸಲ ಬರೆದಿದ್ದೇನೆ. ಅದನ್ನು ಓದುವ ಪಾಳಿ ಒಂದು ದಿನ ನನ್ನದೂ ಆಗುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಕೊನೆಯ ಸಾಲು: ದೋಷ ಸರಿಪಡಿಸಲಾಗಿದೆ. ಐದು ಸಲ, ನಲವತ್ತೊಂದು ದಿನ, ಗ್ರಾಹಕನ ಹೆಸರಿನಲ್ಲಿದ್ದಾಗ ಜಪ್ಪಯ್ಯ ಅಂದರೂ ರಿಪೇರಿಯಾಗದ ಗಾಡಿ, ಕಂಪನಿಯ ಹೆಸರಿಗೆ ಬಂದ ಮರುಗಳಿಗೆಗೇ ರಿಪೇರಿಯಾಗಿಬಿಟ್ಟಿತ್ತು. ಗಾಡಿಗೂ ತವರಿನ ನೀರು ಒಗ್ಗುತ್ತದೆ ಅಂತ ಕಾಣುತ್ತದೆ.

ಅದರ ಕೆಳಗೆ ಒಂದು ಖಾಲಿ ಗೆರೆ. ಅಲ್ಲಿ ನನ್ನ ಸಹಿ.

ಇಡೀ ವ್ಯವಸ್ಥೆಯ ಜೀವ ಇರುವುದು ಆ ಗೆರೆಯಲ್ಲಿ. ಸಹಿ ಹಾಕುವ ಮುಂಚೆ ಜರ್ಕ್ ಕಂಪನಿಯ ತಪ್ಪು. ಹಾಕಿದ ಮೇಲೆ ಅದು ನನಗೆ ಮೊದಲೇ ಗೊತ್ತಿದ್ದ ವಿಷಯ. ನಮ್ಮ ದಲ್ಲಾಳಿ ಎತ್ತಿನ ಕುಂಟು ಮುಚ್ಚಿಟ್ಟು ಮಾರುತ್ತಿದ್ದ. ಸಿಕ್ಕಿಬಿದ್ದರೆ ಪಂಚಾಯಿತಿ ಕಟ್ಟೆಗೆ ಎಳೆಯಬಹುದಿತ್ತು. ಇಲ್ಲಿಯವರು ಕುಂಟನ್ನು 10 ಪಾಯಿಂಟಿನಲ್ಲಿ ಅಚ್ಚು ಹಾಕಿಸಿ, ಓದಿಸಿ, ಪೆನ್ನು ಕೈಗೆ ಕೊಟ್ಟು ಮಾರುತ್ತಾರೆ. ಇಷ್ಟು ಪ್ರಾಮಾಣಿಕರಾದವರ ಮೇಲೆ ಯಾವ ಮುಖ ಹೊತ್ತು ಜಗಳಕ್ಕೆ ಹೋಗುತ್ತೀರಿ?

ಹಾಗಂತ ಏನೂ ರಕ್ಷಣೆ ಇಲ್ಲವೆಂದಲ್ಲ. ಆ ಫಾರಂನಲ್ಲಿ ಬರೆದ ದೋಷಕ್ಕೆ ಕಂಪನಿ ಕನಿಷ್ಠ ಒಂದು ವರ್ಷ ವಾರಂಟಿ ಕೊಡಬೇಕು. ಮೂಲ ವಾರಂಟಿಯ ಬಾಲ ಉಳಿದಿದ್ದರೆ ಅದೂ ಸಾಮಾನ್ಯವಾಗಿ ಗಾಡಿಯ ಜೊತೆಗೇ ಬರುತ್ತದೆ. ಆದರೆ ಬಾಲ ಹಿಡಿದುಕೊಂಡು ಹೊಳೆ ದಾಟುತ್ತೇನೆಂದು ಹೊರಡಬೇಡಿ. 2024ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, ಎರಡು ವರ್ಷ ಹಳೆಯದಾದ, 55,000 ಮೈಲಿ ಓಡಿದ ಒಂದು ಟ್ರಕ್ಕಿನ ಮೊಕದ್ದಮೆಯಲ್ಲಿ ಒಂದು ಮಾತು ಇತ್ಯರ್ಥ ಮಾಡಿತು: ಹಳೇ ವಾರಂಟಿ ಇನ್ನೂ ಮುಗಿದಿಲ್ಲ ಎಂಬ ಒಂದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಗಾಡಿ ಈ ಕಾಯ್ದೆಯ ಅರ್ಥದಲ್ಲಿ 'ಹೊಸ ಗಾಡಿ' ಆಗುವುದಿಲ್ಲ. ಒಂದು ಸಲ ವಾಪಸ್ ಕೊಂಡದ್ದನ್ನು ಇನ್ನೊಂದು ಸಲ ವಾಪಸ್ ಕೊಳ್ಳಿ ಎಂದು ಕಂಪನಿಯ ಬಾಗಿಲು ತಟ್ಟುವ ಮುಂಚೆ ವಕೀಲರ ಬಾಗಿಲು ತಟ್ಟುವುದು ಒಳ್ಳೆಯದು.

ಇದಕ್ಕಿಂತ ಮಜಾ ಇನ್ನೊಂದಿದೆ. ಕೆಲವು ಗಾಡಿಗಳನ್ನು ಕಂಪನಿಯವರು ಕಾಯ್ದೆಯ ಹೆಸರೆತ್ತದೆ 'ಸದ್ಭಾವನೆ'ಯಿಂದ ವಾಪಸ್ ಕೊಳ್ಳುತ್ತಾರೆ. ತಪ್ಪು ನಮ್ಮದಲ್ಲ, ಗಾಡಿ ಚೆನ್ನಾಗಿಯೇ ಇದೆ, ಆದರೂ ನಿಮ್ಮ ಮುಖ ನೋಡಿ ತೆಗೆದುಕೊಳ್ಳುತ್ತಿದ್ದೇವೆ ಎಂಬ ಧಾಟಿ. ಇನ್ನು ಬರೆ ಬಿದ್ದ ಕಾಗದವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿಸಿ, ಹೊಸ ರಾಜ್ಯದ ಪತ್ರದಲ್ಲಿ ಮುದ್ರೆ ಕಾಣದಂತೆ ಮಾಡುವ ಕಸುಬೂ ಇದೆ. ಅದಕ್ಕೆ ಟೈಟಲ್ ತೊಳೆಯುವುದು ಎನ್ನುತ್ತಾರೆ. ನಮ್ಮಲ್ಲಿ ಪಾಪ ತೊಳೆಯಲು ಕಾಶಿಗೆ ಹೋಗಬೇಕು. ಇಲ್ಲಿ ರಾಜ್ಯದ ಗಡಿ ದಾಟಿದರೆ ಆಯಿತು. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರದ ದಾಖಲೆಕೋಶ ಇದೆ. ಕೆಲವು ಡಾಲರ್ ಕೊಟ್ಟರೆ ಗಾಡಿಯ ಜಾತಕ ಸಿಗುತ್ತದೆ. ಗಂಡು ಹೆಣ್ಣಿನ ಜಾತಕಕ್ಕೆ ಊರೂರು ಅಲೆಯುವ ನಮ್ಮವರು ಈ ಜಾತಕಕ್ಕೆ ದುಡ್ಡು ಯಾಕೆ ದಂಡ ಅನ್ನುತ್ತಾರೆ.

ನಾವು ಕೂತ ಜಾಗದಿಂದ ಗಂಟೆ ಸವಾರಿ ದೂರದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯವಿದೆ. ಅಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಅಕರ್ಲಾಫ್ ಎಂಬ ಯುವಕ ಈ ನಿಂಬೆಹಣ್ಣಿನ ಮೇಲೆಯೇ ಒಂದು ಪ್ರಬಂಧ ಬರೆದ. ಮಾರುವವನಿಗೆ ಗಾಡಿಯ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವನು ಮಾರಲು ಬರುವುದೇ ಇಲ್ಲ. ಸಂತೆಯಲ್ಲಿ ಉಳಿಯುವುದು ಹುಳಿ ಮಾತ್ರ. ಇದು ತೀರಾ ಕ್ಷುಲ್ಲಕ ಎಂದು ದೊಡ್ಡ ಪತ್ರಿಕೆಗಳು ವಾಪಸ್ ಕಳಿಸಿದವು. ಮೂರು ಕಡೆ ತಿರಸ್ಕಾರವಾಗಿ 1970ರಲ್ಲಿ ನಾಲ್ಕನೆಯ ಕಡೆ ಅಚ್ಚಾಯಿತು. 2001ರಲ್ಲಿ ನೊಬೆಲ್ ಬಂತು. ಮೊದಲ ತಿರಸ್ಕಾರದ ಪತ್ರ ಕೈಸೇರಿದಾಗ ಆತ ಇದ್ದದ್ದು ಭಾರತದಲ್ಲಿ. ಪ್ರಬಂಧದಲ್ಲಿ ನಮ್ಮ ಗೃಹಿಣಿಯರೂ ಬರುತ್ತಾರೆ, ಬೇಕೆಂದೇ ಬೆರೆಸಿದ ಅಕ್ಕಿ ಬಣ್ಣದ ಕಲ್ಲನ್ನು ಆರಿಸುತ್ತಾ ಕೂತವರಾಗಿ. ನನ್ನ ಅಜ್ಜಿ ಮೊರ ಹಿಡಿದು ದಿನಾ ಮಾಡುತ್ತಿದ್ದ ಕೆಲಸಕ್ಕೆ ಕೊನೆಗೂ ನೊಬೆಲ್ ಬಂತಲ್ಲ ಎಂದು ಮಾವನವರಿಗೆ ಹೇಳಿದೆ. "ಜಾತ್ರೆಗೆ ಬಂದಿದ್ರೆ ನಾನೇ ಹೇಳ್ತಿದ್ದೆ, ಪಾಪ," ಎಂದರು.

ಟೆಸ್ಟ್ ಡ್ರೈವ್ ಮಾಡಿದೆವು. ನಲವತ್ತು ನಿಮಿಷ, ಊರ ರಸ್ತೆ, ಹೈವೇ, ಒಂದು ದಿಣ್ಣೆ. ಎರಡರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ, ಬೆಣ್ಣೆಯಲ್ಲಿ ಕೂದಲೆಳೆ ತೆಗೆದಂತೆ. ನನ್ನ ಮುಖ ಅರಳಿತು. ಹಿಂದಿನ ಸೀಟಿನಿಂದ ಮಾವನವರು, "ಜಾತ್ರೆಯಲ್ಲಿ ಯಾವ ಎತ್ತೂ ಕುಂಟಾಕಿಲ್ಲ ಅಳಿಯಂದಿರೇ," ಎಂದರು.

ವ್ಯಾಪಾರಕ್ಕೆ ಕೂತೆವು. ಈ ಗಾಡಿಗೆ 39,900. ಪಕ್ಕದಲ್ಲೇ ಅದೇ ವರ್ಷದ, ಅದೇ ಮಾದರಿಯ, ಸ್ಟಿಕರ್ ಇಲ್ಲದ ಬಿಳಿ ಗಾಡಿಗೆ 44,500. ಕಂಪನಿಗೆ ಕೈಮುಗಿಸಿದ ಗಾಡಿಗೂ ಮಾಮೂಲಿ ಗಾಡಿಗೂ 4,600 ಡಾಲರಿನ ಅಂತರ. ನಾಳೆ ನಾನು ಮಾರಲು ಹೋದಾಗ ಬರೆ ನನ್ನ ಜೊತೆಗೇ ಬರುತ್ತದೆ. ಅಪಘಾತವಾಗಿ ಗಾಡಿ ಪೂರ್ತಿ ಹೋದರೆ ಇನ್ಶೂರೆನ್ಸಿನವನು ಮೊದಲು ನೋಡುವುದು ಆ ಬರೆಯನ್ನೇ. ಈ ಮಾತನ್ನು ಹುಡುಗನ ಮುಂದಿಟ್ಟೆ. "ಮ್ಯಾನೇಜರನ್ನು ಕೇಳಿಬರುತ್ತೇನೆ" ಎಂದು ಗಾಜಿನ ಕೋಣೆಗೆ ಹೋದ. ಅಲ್ಲಿ ಇಬ್ಬರೂ ಬೇರೇನೋ ಮಾತಾಡಿ ನಕ್ಕದ್ದು ನಮಗೆ ಕಾಣಿಸಿತು. ಬಂದು 39,400 ಎಂದ. ಮತ್ತೆ ಹೋದ, 38,900. ಮಾವನವರು ಬೆರಗಾಗಿ ನೋಡುತ್ತಿದ್ದರು. ಘಾಟಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಪಕ್ಕದವನಿಗೆ ತಿಳಿಯದಿರಲೆಂದು. "ಟವೆಲ್ ಒಂದು ಇಲ್ದೇ ಹೋಗಿದ್ದಕ್ಕೆ ಇಷ್ಟು ದೊಡ್ಡ ಗಾಜಿನ ಮನೆ ಕಟ್ಕೊಂಡವ್ರೆ," ಎಂದರು.

ಇಷ್ಟರಲ್ಲಿ ನಾನು ಜಾಣನಾಗಲು ಹೋದೆ. ಸ್ಟಿಕರ್ ಇಲ್ಲದ ಬಿಳಿ ಗಾಡಿಯತ್ತ ಕೈ ತೋರಿಸಿ, "ಅದನ್ನೇ ತಗೊಂಡುಬಿಡೋಣ, ಅದಕ್ಕೆ ಬರೆ ಇಲ್ಲ" ಎಂದೆ. ಮಾವನವರು ತಲೆ ಅಲ್ಲಾಡಿಸಿದರು. "ಬರೆ ಇಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ಔಷಧಿ ಮಾಡ್ಸಿಲ್ಲ ಅಂತಾನೂ ಆಗ್ಬೋದು." ಹೌದಲ್ಲ. ಮೊದಲ ಮಾಲೀಕ ಐದನೇ ಸಲ ವರ್ಕ್‌ಶಾಪಿಗೆ ಹೋಗಲು ರಜೆ ಸಿಗದೆ, ವಕೀಲನನ್ನು ಹಿಡಿಯುವ ಗೋಜಿಗೆ ಹೋಗದೆ, ಸುಮ್ಮನೆ ಮಾರಿ ಕೈತೊಳೆದುಕೊಂಡಿದ್ದರೆ? ಅವನ ಸೋಮಾರಿತನಕ್ಕೆ ಸ್ಟಿಕರ್ ಅಂಟಿಸುವವರಿಲ್ಲ. ಆ ಲೆಕ್ಕದಲ್ಲಿ ಇಡೀ ಅಂಗಳದಲ್ಲಿ ರೋಗ ಇಂಥದ್ದೇ ಎಂದು ಬರೆದುಕೊಂಡು ನಿಂತಿದ್ದ ಗಾಡಿ ಕಪ್ಪು ಟ್ರಕ್ ಒಂದೇ.

ಭಾರತದಲ್ಲಿ ಈ ತಲೆನೋವೇ ಇಲ್ಲ. ನಿಂಬೆಹಣ್ಣಿನ ಕಾಯ್ದೆ ಅಂತ ಪ್ರತ್ಯೇಕವಾಗಿ ಒಂದಿಲ್ಲ. ಗ್ರಾಹಕ ಆಯೋಗ ಇದೆ, 2019ರ ಕಾಯ್ದೆ ಇದೆ, ತಾಳ್ಮೆ ನಿಮ್ಮದು. ಬರೆಯೇ ಇಲ್ಲದ ಮೇಲೆ ಬರೆ ಹುಡುಕುವ ಕೆಲಸವೂ ಇಲ್ಲ.

ಕೊನೆಗೆ ತೀರ್ಮಾನ ಮಾಡಿದವಳು ನನ್ನ ಹೆಂಡತಿ. ಫಾರಂನ ಫೋಟೊ ಕಳಿಸಿದ್ದೆ. ಬ್ರ್ಯಾಂಡೆಡ್‌ನ ಅರ್ಥ ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು. "ರೀ, ಪರದೆ ಕೆಟ್ಟಿತ್ತು, ಪರದೆ ಬದಲಾಯಿಸಿದರು, ಸರಿ. ಕಿಟಕಿ ಸೋರುತ್ತಿದ್ದರೂ ನಾನು ಬೇಡ ಅಂತಿರಲಿಲ್ಲ. ಆ ಜರ್ಕಿಗೆ ಏನು ಬದಲಾಯಿಸಿದ್ದಾರೆ ಹೇಳಿ?" ಫಾರಂ ಮೇಲಿಂದ ಕೆಳಗೆ ಎರಡು ಸಲ ಓದಿದೆ. ಏನೂ ಬದಲಾಯಿಸಿರಲಿಲ್ಲ. "ಅರ್ಧ ಬೆಲೆಗೆ ಕೊಟ್ಟರೆ, ಗುಜರಿಗೆ ಹೋಗುವವರೆಗೆ ಇಟ್ಟುಕೊಳ್ಳುವ ಧೈರ್ಯ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ." ಅರ್ಧ ಬೆಲೆ ಕೇಳಿದೆ. ಹುಡುಗ ಈ ಸಲ ಗಾಜಿನ ಕೋಣೆಗೂ ಹೋಗದೆ ನಕ್ಕ. ಅವನಿಗೆ ನಕ್ಕು ಬಿಡುವ ಧೈರ್ಯ ಇತ್ತು, ಏಕೆಂದರೆ ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಳ್ಳುವವರು ಹಿಂದೆ ಸಾಲಿನಲ್ಲಿದ್ದಾರೆಂದು ಅವನಿಗೆ ಗೊತ್ತಿತ್ತು.

ರಾಜ್ಯೋತ್ಸವದ ಸ್ಟೇಜ್ ಸಾಮಾನನ್ನು ಆ ವರ್ಷ 20 ಡಾಲರಿನ ಬಾಡಿಗೆ ವ್ಯಾನಿನಲ್ಲಿ ಸಾಗಿಸಿದೆವು. ಮೊನ್ನೆ ಅದೇ ದಾರಿಯಲ್ಲಿ ಹೋಗುವಾಗ ಕಪ್ಪು ಟ್ರಕ್ ಇನ್ನೂ ಅಲ್ಲೇ ನಿಂತಿತ್ತು, ಗಾಜಿನ ಮೇಲೆ 35,500 ಎಂದು ಬರೆದುಕೊಂಡು. ನೋಡಲು ಹೋಗುವವರಿದ್ದರೆ ಡ್ರೈವರ್ ಬಾಗಿಲನ್ನು ಪೂರ್ತಿ ತೆಗೆಸಿ ನೋಡಿ. ಅಲ್ಲಿ ಮೊಣಕೈ ಕೊಟ್ಟುಕೊಂಡು ಯಾರಾದರೂ ನಿಂತಿದ್ದರೆ ಸ್ವಲ್ಪ ಸರಿಯಲು ಹೇಳಿ.